ತಿನ್ನುವ ತುರಾಯಿ



ಮದುವೆ ಇರಲಿ, ಸೀಮಂತ ಇರಲಿ, ಶಾಲೆಯ ವಾರ್ಷಿಕೋತ್ಸವ ಇರಲಿ, ನಮ್ಮ ಹಳ್ಳಿಗಳಲ್ಲಿ ಹಾರ-ತುರಾಯಿ ಇಲ್ಲದೆ ಒಂದು ಕಾರ್ಯವೂ ನಡೆಯುವುದಿಲ್ಲ. ಪೇಟೆಗೆ ಹೋಗಿ ದುಡ್ಡು ಕೊಟ್ಟು ತರುತ್ತೇವೆ. ಬಂದ ದೊಡ್ಡವರ ಕೈಗೆ ಕೊಡುತ್ತೇವೆ. ಅವರು ಅದನ್ನು ಮೇಜಿನ ಮೇಲೆ ಇಡುತ್ತಾರೆ. ಸಾಯಂಕಾಲದ ಹೊತ್ತಿಗೆ ಅದು ಬಾಡಿ ತಿಪ್ಪೆ ಸೇರುತ್ತದೆ. ಹೂ ಬೆಳೆಯುವ ರೈತನ ಜೀವನ ಅದರಲ್ಲಿ ಉಂಟು, ಇಲ್ಲ ಅನ್ನುವಂತಿಲ್ಲ. ಆದರೆ ಹಣ್ಣು ಬೆಳೆದವನೂ ನಮ್ಮವನೇ, ಹಾಲು ಕರೆದವಳೂ ನಮ್ಮವಳೇ ಅಲ್ಲವೆ? ಅವರ ಪದಾರ್ಥದಿಂದಲೂ ತುರಾಯಿ ಕಟ್ಟಬಹುದು. ಮೊದಲು ಕಣ್ಣಿಂದ ನೋಡಿ, ಆಮೇಲೆ ಬಾಯಿಗೆ ಹಾಕಿಕೊಳ್ಳಬಹುದು. ಈ ತಿನ್ನುವ ತುರಾಯಿಯನ್ನು ಹೇಗೆ ಕಟ್ಟುವುದು, ಅದು ಕೆಡದ ಹಾಗೆ ಹೇಗೆ ನೋಡಿಕೊಳ್ಳುವುದು ಎಂಬುದನ್ನು ಈ ಹೊತ್ತು ತಿಳಿದುಕೊಳ್ಳೋಣ.

ಇದು ಎಲ್ಲಿಯ ಪದ್ಧತಿ ಅಂತ ಕೇಳ್ತೀರಿ. ಈಗ ಹೊರದೇಶಗಳಲ್ಲಿ ಇದು ದೊಡ್ಡ ವ್ಯಾಪಾರವಾಗಿದೆ. ಅಮೆರಿಕದಲ್ಲಿ ಹೂವಿನ ಅಂಗಡಿ ನಡೆಸುತ್ತಿದ್ದ ತಾರಿಕ್ ಫರೀದ್ ಎಂಬವರು ೧೯೯೯ರಲ್ಲಿ ಕನೆಕ್ಟಿಕಟ್ ರಾಜ್ಯದ ಈಸ್ಟ್ ಹೇವನ್ ಎಂಬ ಊರಿನಲ್ಲಿ ಹಣ್ಣಿನ ತುರಾಯಿ ಮಾರುವ ಅಂಗಡಿ ತೆರೆದರು. ಮುಂದೆ ಅದಕ್ಕೆ ನೂರಾರು ಶಾಖೆಗಳಾದವು. ರಷ್ಯಾ ದೇಶದಲ್ಲಿ ಫೆಬ್ರವರಿ ೨೩ನೆಯ ತಾರೀಖು ಸೈನಿಕರ ಗೌರವದ ಹಬ್ಬ. ಆ ದಿನ ಹೆಂಗಸರು ಮನೆಯ ಗಂಡಸರಿಗೆ ಹೂ ಕೊಡುವ ಬದಲು ಹೊಗೆ ಹಿಡಿಸಿದ ಮಾಂಸದ ಸಾಸೇಜು, ಜಡೆಯ ಹಾಗೆ ಹೆಣೆದ ಚೀಸು, ಒಣಮೀನು, ಬ್ರೆಡ್ಡು, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲ ಸೇರಿಸಿ ತುರಾಯಿ ಕಟ್ಟಿ ಕೊಡುವುದುಂಟು.

ನಮಗೂ ಇದು ತೀರ ಹೊಸದೇನಲ್ಲ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ಆಂಜನೇಯನಿಗೆ ವಡೆ ಹಾರ ಹಾಕುತ್ತೇವೆ. ಇವೆರಡರಲ್ಲಿಯೂ ಒಂದು ವಿಷಯ ಗಮನಿಸಿ: ಏಲಕ್ಕಿಯೂ ಒಣಗಿದ್ದು, ಆ ವಡೆಯೂ ಗಟ್ಟಿಯಾಗಿ ಕರಿದದ್ದು. ಅದಕ್ಕೇ ಅವು ನಿಲ್ಲುತ್ತವೆ. ತಿನ್ನುವ ತುರಾಯಿಯ ಗುಟ್ಟೆಲ್ಲ ಇಲ್ಲಿದೆ. ಯಾವ ಪದಾರ್ಥದಲ್ಲಿ ನೀರು ಎಷ್ಟಿದೆ ಎಂಬುದನ್ನು ತಿಳಿದರೆ ತುರಾಯಿ ಕಟ್ಟಲು ಬಂದ ಹಾಗೆ. ಅದು ತಿಳಿಯದಿದ್ದರೆ, ಎಷ್ಟು ಚೆಂದ ಕಟ್ಟಿದರೂ ತಿಂದವರ ಹೊಟ್ಟೆ ಕೆಡುತ್ತದೆ.

ಮೊದಲು ಮಾಂಸದ ವಿಚಾರ. ತಿನ್ನದವರು ಇದನ್ನು ಬಿಟ್ಟುಬಿಡಿ, ಹಣ್ಣು-ಪನೀರಿನ ಮಾತು ಮುಂದೆ ಬರುತ್ತದೆ. ಹಸಿ ಮಾಂಸವನ್ನು ಹೊರಗೆ ಇಟ್ಟರೆ ಅರ್ಧ ದಿನ ನಿಲ್ಲುವುದಿಲ್ಲ. ಅದನ್ನೇ ಉಪ್ಪು ಹಚ್ಚಿ ಒಣಗಿಸಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಕಡೆಯ ಉಪ್ಪುಕಂಡ ಇದೇ ತಾನೆ? ಕರಾವಳಿಯ ಒಣಮೀನು ಇದೇ ತಾನೆ? ಕೊಡಗಿನಲ್ಲಿ ಒಲೆಯ ಮೇಲೆ ಕಟ್ಟಿ ಹೊಗೆಯಲ್ಲಿ ಒಣಗಿಸುತ್ತಿದ್ದ ಹಂದಿಯ ಮಾಂಸವೂ ಇದೇ ಜಾತಿಯದು. ಉಪ್ಪು ಮಾಂಸದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಒಳಗೆ ಉಳಿದ ನೀರನ್ನೂ ಕಟ್ಟಿಹಾಕುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕುಡಿಯಲು ನೀರಿಲ್ಲದಂತಾಗಿ ಅವು ಬೆಳೆಯಲಾರವು. ಹೊಗೆ ಮೇಲಿನ ಪದರವನ್ನು ಕಾಪಾಡುತ್ತದೆ.

ಯೂರೋಪಿನಲ್ಲಿ ಈ ಕೆಲಸವನ್ನು ಬಹಳ ದೂರ ಬೆಳೆಸಿದ್ದಾರೆ. ಇಟಲಿ ದೇಶದ ಪಾರ್ಮಾ ಪ್ರಾಂತ್ಯದಲ್ಲಿ ಹಂದಿಯ ಹಿಂದೊಡೆಗೆ ಉಪ್ಪನ್ನು ಮಾತ್ರ ಹಚ್ಚಿ, ಗಾಳಿಯಾಡುವ ಕೋಣೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ತೂಗುಹಾಕುತ್ತಾರೆ. ಅದನ್ನು ಬೇಯಿಸುವುದಿಲ್ಲ. ಕಾಗದದಷ್ಟು ತೆಳ್ಳಗೆ ಹೆರೆದು ಹಾಗೆಯೇ ತಿನ್ನುತ್ತಾರೆ. ಸಲಾಮಿ ಎಂಬುದು ಇನ್ನೊಂದು. ಕೊಚ್ಚಿದ ಮಾಂಸಕ್ಕೆ ಉಪ್ಪು, ಮಸಾಲೆ ಸೇರಿಸಿ ಕರುಳಿನ ಚೀಲಕ್ಕೆ ತುಂಬಿ, ನಮ್ಮ ದೋಸೆ ಹಿಟ್ಟು ಹುಳಿ ಬರುವ ಹಾಗೆ ಹುಳಿ ಬರಿಸಿ, ಆಮೇಲೆ ಒಣಗಿಸುತ್ತಾರೆ. ಉಪ್ಪು, ಹುಳಿ, ಒಣಗು ಮೂರೂ ಸೇರಿ ಅದನ್ನು ಕಾಯುತ್ತವೆ.

“ಹಾಗಾದರೆ ನಾವೂ ಮನೆಯಲ್ಲಿ ಸಲಾಮಿ ಮಾಡೋಣವೆ?” ಅಂದೀರಿ. ಬೇಡಿ, ದಯವಿಟ್ಟು ಬೇಡಿ. ಗಾಳಿ ಹೋಗದ ಮಾಂಸದ ಚೀಲದೊಳಗೆ ಬಾಟ್ಯುಲಿಸಂ ಎಂಬ ರೋಗದ ವಿಷ ಹುಟ್ಟಬಲ್ಲದು. ನರಗಳನ್ನೇ ನಿಲ್ಲಿಸಿ ಪ್ರಾಣ ತೆಗೆಯುವ ವಿಷ ಅದು. ಆ ರೋಗಕ್ಕೆ ಹೆಸರು ಬಂದಿರುವುದೇ ಸಾಸೇಜು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ. ಅದು ಹುಟ್ಟದಿರಲೆಂದು ಕಾರ್ಖಾನೆಗಳಲ್ಲಿ ನೈಟ್ರೈಟ್ ಎಂಬ ಲವಣವನ್ನು ಬಹಳ ಸಣ್ಣ ಅಳತೆಯಲ್ಲಿ ಬೆರೆಸುತ್ತಾರೆ. ಆ ಅಳತೆ ಸ್ವಲ್ಪ ಮೀರಿದರೆ ಅದೇ ವಿಷ. ಇದು ಅಡಿಗೆಮನೆಯ ಕೆಲಸವಲ್ಲ.

ಇನ್ನೊಂದು ಎಚ್ಚರಿಕೆ. ನಮ್ಮ ಪಟ್ಟಣದ ಅಂಗಡಿಗಳಲ್ಲಿ ಕೋಳಿ ಸಲಾಮಿ ಅಂತ ಸಿಗುವುದು ಸಾಮಾನ್ಯವಾಗಿ ಬೇಯಿಸಿದ, ನೀರಿನಂಶ ಹೆಚ್ಚಿರುವ ಪದಾರ್ಥ. ಹೆಸರು ಒಂದೇ ಆದರೂ ಅದು ಒಣಗಿಸಿದ ಮಾಂಸವಲ್ಲ. ಫ್ರಿಜ್ಜಿನಿಂದ ತೆಗೆದ ಮೇಲೆ ಅದನ್ನು ಹಸಿ ಪದಾರ್ಥದ ಲೆಕ್ಕದಲ್ಲಿಯೇ ಇಟ್ಟುಕೊಳ್ಳಬೇಕು. ಉಪ್ಪು, ನೈಟ್ರೈಟ್, ಹೊಗೆ ಹಾಕಿ ಕಾಪಿಟ್ಟ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೫ರಲ್ಲಿ ಸಾರಿತು. ಆದುದರಿಂದ ಇದು ದಿನದ ಊಟವಲ್ಲ. ಎಂದಾದರೊಮ್ಮೆ, ನಾಲ್ಕು ತುಂಡು, ಅಷ್ಟೆ.

ಇನ್ನು ಚೀಸು. ಕೆಲವರು ಇದನ್ನು ಗಿಣ್ಣು ಎಂದು ಬರೆಯುತ್ತಾರೆ. ನಮ್ಮ ಗಿಣ್ಣು ಆಗತಾನೆ ಈದ ಹಸುವಿನ ಹಾಲಿನದು, ಅದೇ ಬೇರೆ. ಚೀಸು ಮಾಡಲು ಹಾಲಿಗೆ ವಿಶೇಷ ಹೆಪ್ಪು ಹಾಕಿ ಒಡೆಸಿ, ನೀರು ಬಸಿದು, ಉಪ್ಪು ಸೇರಿಸಿ, ಒತ್ತಿ, ತಿಂಗಳುಗಟ್ಟಲೆ ಮಾಗಿಸುತ್ತಾರೆ. ಸುಮಾರು ೧೦ ಲೀಟರು ಹಾಲಿಗೆ ೧ ಕಿಲೋ ಚೀಸು ಬರುತ್ತದೆ. ಪಾರ್ಮಾ ಕಡೆಯ ಪಾರ್ಮಿಜಾನೊ ಎಂಬ ಗಟ್ಟಿ ಚೀಸನ್ನು ಕಡಿಮೆಯೆಂದರೆ ೧೨ ತಿಂಗಳು ಮಾಗಿಸಬೇಕೆಂಬ ಕಟ್ಟಳೆಯೇ ಇದೆ. ಹೀಗೆ ನೀರು ಹೋದ ಗಟ್ಟಿ ಚೀಸು ಕೆಲವು ಗಂಟೆ ಹೊರಗಿದ್ದರೂ ತಡೆದುಕೊಳ್ಳುತ್ತದೆ. ನಮ್ಮ ಪನೀರು ಹಾಗಲ್ಲ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ನೀರೇ ಇರುತ್ತದೆ, ಉಪ್ಪೂ ಇಲ್ಲ. ಬೇಗ ಹುಳಿಯುತ್ತದೆ.

ಕೊನೆಯದು ಹಣ್ಣು. ದ್ರಾಕ್ಷಿಯಲ್ಲಿ ನೂರಕ್ಕೆ ಸುಮಾರು ೮೦ ಭಾಗ, ಕಲ್ಲಂಗಡಿಯಲ್ಲಿ ೯೦ಕ್ಕೂ ಮೇಲೆ ನೀರು. ಸಿಪ್ಪೆ ಇರುವ ತನಕ ಹಣ್ಣಿಗೆ ಅದೇ ಕವಚ. ಕತ್ತರಿಸಿದ ಗಳಿಗೆಯಿಂದ ಕೆಡುವ ಲೆಕ್ಕ ಶುರು.

ಆದುದರಿಂದ ಒಂದು ಮಾತನ್ನು ನೆನಪಿನಲ್ಲಿಡಿ. ಒಣಗಿದ್ದು ಮೊದಲು, ಹಸಿಯದು ಕಡೆಗೆ. ಕಟ್ಟುವಾಗ ಒಣ ಪದಾರ್ಥ ಮೊದಲು ಏರಬೇಕು. ತಿನ್ನುವಾಗ ಹಸಿ ಪದಾರ್ಥ ಮೊದಲು ಇಳಿಯಬೇಕು.

ಹೊರದೇಶದವರು ಕಟ್ಟುವ ರೀತಿ ಹೀಗೆ. ಕಿರಿದಾದ ಬಾಯಿಯ ಒಂದು ಲೋಟ ತೆಗೆದುಕೊಳ್ಳುತ್ತಾರೆ. ಸಲಾಮಿಯ ದುಂಡು ಬಿಲ್ಲೆಗಳನ್ನು ಲೋಟದ ಅಂಚಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ಮಡಿಚಿ, ಒಂದರ ಮೇಲೊಂದು ತುಸು ಏರುವಂತೆ ಸುತ್ತಲೂ ಹೊದಿಸುತ್ತಾರೆ. ಎರಡು ಮೂರು ಸುತ್ತು ಆದ ಮೇಲೆ ಲೋಟವನ್ನು ಬೋರಲು ಹಾಕಿ ಎತ್ತಿದರೆ ಗುಲಾಬಿ ಹೂ ಬಂದಿರುತ್ತದೆ. ಅದನ್ನು ಬಿದಿರು ಕಡ್ಡಿಗೆ ಚುಚ್ಚುತ್ತಾರೆ. ಚೀಸನ್ನು ಚೌಕವಾಗಿ, ಮೂರು ಮೂಲೆಯಾಗಿ ಕತ್ತರಿಸಿ ಬೇರೆ ಕಡ್ಡಿಗೆ, ದ್ರಾಕ್ಷಿಯನ್ನು ಇನ್ನೊಂದಕ್ಕೆ ಪೋಣಿಸುತ್ತಾರೆ. ಒದ್ದೆ ಹಣ್ಣು ಒಣ ಮಾಂಸಕ್ಕೆ ತಗಲದಂತೆ ನಡುವೆ ಚೀಸೋ ಎಲೆಯೋ ಇಡುತ್ತಾರೆ. ಯಾಕೆಂದರೆ ಹಣ್ಣಿನ ರಸ ತಗಲಿದ ಒಣ ಮಾಂಸ ಮತ್ತೆ ಹಸಿ ಮಾಂಸವಾದಂತೆಯೇ. ಉಪ್ಪು ಮಾಂಸದ ಜೊತೆಗೆ ಸಿಹಿ ಹಣ್ಣು ಏಕೆ ಅಂದರೆ, ಸೀಬೆ ಹಣ್ಣಿಗೆ ಉಪ್ಪು-ಖಾರ ಹಚ್ಚಿ ತಿನ್ನುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ರಷ್ಯಾದಲ್ಲಿ ಫೆಬ್ರವರಿ ಅಂದರೆ ಹಿಮ ಬೀಳುವ ಕಾಲ. ಊರಿಗೆ ಊರೇ ಫ್ರಿಜ್ಜಿನಂತೆ ಇರುತ್ತದೆ. ನಮ್ಮಲ್ಲಿ ಅದೇ ಫೆಬ್ರವರಿಯಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ. ಅವರ ತುರಾಯಿಯನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ನಡೆಯದು. ನಮ್ಮ ಹವೆಗೆ ತಕ್ಕ ಹಾಗೆ, ನಮ್ಮ ತೋಟ-ಕೊಟ್ಟಿಗೆಯ ಪದಾರ್ಥದಿಂದ ಕಟ್ಟುವ ಕ್ರಮ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ.

ಇಪ್ಪತ್ತು ಕಡ್ಡಿಯ ಒಂದು ತುರಾಯಿಗೆ ಬೇಕಾದ್ದು: ಗಟ್ಟಿಯಾಗಿರುವ ಹಣ್ಣು ಸೀಬೆ, ಅಂದರೆ ಪೇರಲ, ಮೂರು, ಅನಾನಸು ಅರ್ಧ, ಹದವಾಗಿ ಹಣ್ಣಾದ ಪರಂಗಿ ಅರ್ಧ, ದ್ರಾಕ್ಷಿ ಕಾಲು ಕಿಲೋ, ಪನೀರು ಕಾಲು ಕಿಲೋ, ಒಣದ್ರಾಕ್ಷಿ ೧೦೦ ಗ್ರಾಂ, ಕೊಬ್ಬರಿ ಅರ್ಧ ಗಿಟುಕು, ನಿಂಬೆಹಣ್ಣು ಎರಡು, ಪುದೀನ ಒಂದು ಕಟ್ಟು, ಗಟ್ಟಿಯಾದ ಒಂದು ಎಲೆಕೋಸು, ಒಂದು ಸಣ್ಣ ಬಿದಿರು ಬುಟ್ಟಿ, ಎರಡು ಬಾಳೆ ಎಲೆ.

ಮಂಡಿಯಲ್ಲಿ ವಿಂಗಡಿಸುವಾಗ ಸಿಪ್ಪೆಯ ಮೇಲೆ ಗೀರು ಬಿದ್ದಿದೆ, ಆಕಾರ ಸೊಟ್ಟಗಿದೆ ಅಂತ ಬದಿಗೆ ಸರಿಸುತ್ತಾರಲ್ಲ, ಅಂಥ ಹಣ್ಣು ಇದಕ್ಕೆ ಸಾಕು. ಸಿಪ್ಪೆ ಹೋಗಿ ತುಂಡಾದ ಮೇಲೆ ಸೊಟ್ಟ ಯಾರಿಗೆ ಕಾಣುತ್ತದೆ? ಆದರೆ ಮೆತ್ತಗಾದದ್ದು, ಹುಳ ಬಿದ್ದದ್ದು, ಹುಳಿ ವಾಸನೆ ಬಂದದ್ದು ಬೇಡ. ಕೊಳೆತ ಭಾಗ ತೆಗೆದು ಉಳಿದದ್ದು ಹಾಕುತ್ತೇನೆ ಅನ್ನುವುದೂ ಬೇಡ. ಅಂಥದು ದನಕ್ಕೂ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಕಡ್ಡಿಗೆ ಪೇಟೆಗೆ ಹೋಗಬೇಕಾಗಿಲ್ಲ. ಹಸಿ ತೆಂಗಿನ ಗರಿಯ ಕಡ್ಡಿಗಳನ್ನು ಹೆರೆದು ನುಣುಪು ಮಾಡಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ. ಪೊರಕೆಯಿಂದ ಕಿತ್ತ ಕಡ್ಡಿ ಕೂಡದು. ಬೇಲಿಯಲ್ಲಿ ಸಿಕ್ಕಿದ ಯಾವುದೋ ಗಿಡದ ಕಡ್ಡಿಯಂತೂ ಕೂಡಲೇ ಕೂಡದು. ಕಣಗಿಲೆಯ ಕಡ್ಡಿ, ಎಲೆ, ಹೂ ಎಲ್ಲವೂ ವಿಷ. ಎಕ್ಕ, ಉಮ್ಮತ್ತಿ ಕೂಡ ಹಾಗೆಯೇ. ಚೆಂದ ಕಾಣುತ್ತದೆ ಅಂತ ಇವುಗಳ ಎಲೆ-ಹೂ ಸಿಕ್ಕಿಸಬೇಡಿ. ಪೇಟೆಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ, ಅದನ್ನೂ ಹಣ್ಣಿನ ಪಕ್ಕ ಇಡಬೇಡಿ. ಹಸಿರಿಗೆ ಪುದೀನ, ಕರಿಬೇವು, ವೀಳ್ಯದೆಲೆ ಇವೇ ಸಾಕು. ಹೂವಿನ ಅಂಗಡಿಯವರು ಕಡ್ಡಿ ಚುಚ್ಚಲು ಹಸಿರು ಬಣ್ಣದ ರಾಸಾಯನಿಕ ಸ್ಪಂಜು ಬಳಸುತ್ತಾರೆ. ತಿನ್ನುವ ಪದಾರ್ಥಕ್ಕೆ ಅದು ಸಲ್ಲದು. ಅದರ ಬದಲಿಗೇ ನಮ್ಮ ಎಲೆಕೋಸು. ಬುಟ್ಟಿಗೆ ಬಾಳೆ ಎಲೆ ಹಾಸಿ, ಎಲೆಕೋಸಿನ ಬುಡವನ್ನು ಚಪ್ಪಟೆಯಾಗಿ ಕತ್ತರಿಸಿ ಅಲುಗಾಡದಂತೆ ಕೂರಿಸಿ. ಮರುದಿನ ಅದೇ ಎಲೆಕೋಸು ದನದ ಬಾಯಿಗೆ ಆಯಿತು; ಮುರಿದ ಕಡ್ಡಿ ಒಳಗೆ ಉಳಿಯದಂತೆ ಮಾತ್ರ ನೋಡಿಕೊಳ್ಳಿ.

ಪನೀರು ಮನೆಯಲ್ಲೇ ಮಾಡಬಹುದು. ಎರಡು ಲೀಟರು ಹಾಲು ಚೆನ್ನಾಗಿ ಕುದಿಸಿ, ಇಳಿಸಿ, ಎರಡು ನಿಮಿಷ ಬಿಟ್ಟು ನೀರು ಬೆರೆಸಿದ ನಿಂಬೆರಸವನ್ನು ನಿಧಾನವಾಗಿ ಹಾಕುತ್ತ ತಿರುವಿ. ಹಾಲು ಒಡೆದು ಹಸಿರು ಛಾಯೆಯ ನೀರು ಬಿಟ್ಟಾಗ ನಿಲ್ಲಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಗಂಟು ಕಟ್ಟಿ, ಮೇಲೆ ಭಾರ ಹೇರಿ ಒಂದು ಗಂಟೆ ಬಿಡಿ. ತುರಾಯಿಗೆ ಗಟ್ಟಿ ಪನೀರು ಬೇಕು, ಭಾರ ಸ್ವಲ್ಪ ಜಾಸ್ತಿಯೇ ಇರಲಿ. ಹಸುವಿನದೋ ಎಮ್ಮೆಯದೋ ನೋಡಿಕೊಂಡು ೩೦೦ರಿಂದ ೪೦೦ ಗ್ರಾಂ ಬರುತ್ತದೆ. ಬಸಿದ ನೀರನ್ನು ಚೆಲ್ಲಬೇಡಿ, ರೊಟ್ಟಿ ಹಿಟ್ಟು ಕಲಸಿಕೊಳ್ಳಿ. ಪನೀರನ್ನು ಚೌಕ ತುಂಡು ಮಾಡಿ ಉಪ್ಪು, ಮೆಣಸಿನ ಪುಡಿ, ಜೀರಿಗೆ ಪುಡಿ ಹಚ್ಚಿ. ರುಚಿಯೂ ಆಯಿತು, ಉಪ್ಪಿನ ಕಾವಲೂ ಆಯಿತು.

ಈಗ ಹೊತ್ತಿನ ಲೆಕ್ಕ. ಬೆಳಿಗ್ಗೆ ೧೧ ಗಂಟೆಗೆ ಕಾರ್ಯಕ್ರಮ ಅಂತಿಟ್ಟುಕೊಳ್ಳಿ. ಹಿಂದಿನ ಸಂಜೆ ಕಡ್ಡಿ ಸಿದ್ಧ ಮಾಡಿ, ಒಣದ್ರಾಕ್ಷಿ ಪೋಣಿಸಿ, ಕೊಬ್ಬರಿಯನ್ನು ತೆಳ್ಳಗೆ ಹೆರೆದು ಸುರುಳಿ ಮಾಡಿ ಮುಚ್ಚಿಡಿ. ಫ್ರಿಜ್ಜು ಇದ್ದವರು ಪನೀರನ್ನೂ ಮಾಡಿ ಅದರಲ್ಲಿಡಿ. ಇಲ್ಲದವರು ಬೆಳಿಗ್ಗೆಯೇ ಮಾಡಿ. ಮಡಕೆಗೆ ಒದ್ದೆ ಬಟ್ಟೆ ಸುತ್ತಿದರೆ ತಂಪೇನೋ ಆಗುತ್ತದೆ, ಆದರೆ ಹಾಲಿನ ಪದಾರ್ಥವನ್ನು ರಾತ್ರಿಯೆಲ್ಲ ಕಾಯುವಷ್ಟು ತಂಪಲ್ಲ.

ಬೆಳಿಗ್ಗೆ ಕೈ, ಚಾಕು, ಮಣೆ ಸೋಪಿನಿಂದ ತೊಳೆಯಿರಿ. ಹಣ್ಣನ್ನು ಕತ್ತರಿಸುವುದಕ್ಕೆ ಮುಂಚೆಯೇ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ ನೋಡಿ, ಅದಕ್ಕೆ. ಮಾಂಸ ಕತ್ತರಿಸಿದ ಮಣೆಯ ಮೇಲೆ ಹಣ್ಣು ಕತ್ತರಿಸಬೇಡಿ. ಸೀಬೆಯನ್ನು ಎಸಳಿನಂತೆ ಉದ್ದಕ್ಕೆ ಸೀಳಿ, ನಿಂಬೆರಸ ಹಿಂಡಿದ ನೀರಿನಲ್ಲಿ ಅದ್ದಿ ತೆಗೆಯಿರಿ. ಗಾಳಿ ತಗುಲಿ ಕಪ್ಪಾಗುವುದು ನಿಲ್ಲುತ್ತದೆ. ಅನಾನಸನ್ನು ದುಂಡಗೆ ಬಿಲ್ಲೆ ಮಾಡಿ ಅಂಚಿನಲ್ಲಿ ಕಚ್ಚು ಹಾಕಿದರೆ ಸೇವಂತಿಗೆಯಂತೆ ಕಾಣುತ್ತದೆ. ಪರಂಗಿಯನ್ನು ಚಮಚದಿಂದ ಉಂಡೆ ತೋಡಿ. ಎಲ್ಲವನ್ನೂ ಶುದ್ಧ ಬಟ್ಟೆಯ ಮೇಲೆ ಹರಡಿ ನೀರಾರಿಸಿ.

ಹತ್ತು ಗಂಟೆಗೆ ಕಟ್ಟಲು ಕುಳಿತುಕೊಳ್ಳಿ. ಮೊದಲು ಒಣದ್ರಾಕ್ಷಿ, ಕೊಬ್ಬರಿಯ ಕಡ್ಡಿ, ಆಮೇಲೆ ಪನೀರು, ಆಮೇಲೆ ದ್ರಾಕ್ಷಿ, ಸೀಬೆ, ಕಟ್ಟಕಡೆಗೆ ಅನಾನಸು, ಪರಂಗಿ. ನಡುವಿನ ಕಡ್ಡಿ ಎತ್ತರ, ಸುತ್ತಲಿನದು ಗಿಡ್ಡ. ಭಾರದ ತುಂಡು ಕೆಳಗೆ, ಹಗುರಾದದ್ದು ಮೇಲೆ. ಒಂದು ಮಾತು: ಅನಾನಸು, ಪರಂಗಿ ಎರಡನ್ನೂ ಪನೀರಿಗೆ ತಗುಲಿಸಬೇಡಿ. ಈ ಎರಡು ಹಣ್ಣಿನ ರಸಕ್ಕೆ ಹಾಲಿನ ಸಾರವನ್ನು ಕರಗಿಸುವ ಗುಣವಿದೆ. ಪನೀರು ಮೆತ್ತಗಾಗಿ ಕಹಿಯಾಗುತ್ತದೆ. ಮಾಂಸ ಬೇಯಿಸುವಾಗ ಪರಂಗಿ ಕಾಯಿ ಹಾಕಿ ಮೆತ್ತಗೆ ಮಾಡುತ್ತೀರಲ್ಲ, ಅದೇ ಗುಣ ಇದು. ಸಂದುಗಳಲ್ಲಿ ಪುದೀನ ಸಿಕ್ಕಿಸಿ, ಮೇಲೆ ತೆಳು ಬಟ್ಟೆ ಹೊದಿಸಿ ನೆರಳಿನಲ್ಲಿಡಿ. ನೊಣ ಕೂತ ತುರಾಯಿ ಯಾರಿಗೂ ಬೇಡ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ. ಕತ್ತರಿಸಿದ ಹಣ್ಣು, ಪನೀರು, ಬೇಯಿಸಿದ ಮಾಂಸ ಇವು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಕೂಡದು. ಬಿಸಿಲು ೩೨ ಡಿಗ್ರಿ ಸೆಂಟಿಗ್ರೇಡ್ ದಾಟಿದ ದಿನ ಒಂದೇ ಗಂಟೆ. ೫ ಡಿಗ್ರಿಯಿಂದ ೬೦ ಡಿಗ್ರಿಯವರೆಗಿನ ಶಾಖದಲ್ಲಿ ರೋಗದ ಕ್ರಿಮಿಗಳು ಬೇಗ ಬೇಗ ಹೆಚ್ಚುತ್ತವೆ. ಕೆಟ್ಟದ್ದು ಕಣ್ಣಿಗೆ ಕಾಣಿಸುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಸೀಮಂತದಲ್ಲಿ ಬಸುರಿ ಹೆಂಗಸು ಮೊದಲ ತುತ್ತು ತಿನ್ನುತ್ತಾಳೆ, ಮದುವೆಯಲ್ಲಿ ಎಳೆ ಮಕ್ಕಳು ಮೊದಲು ಕೈ ಹಾಕುತ್ತವೆ. ಆದುದರಿಂದ ತುರಾಯಿಯನ್ನು ಭಾಷಣಗಳು ಮುಗಿಯುವ ತನಕ ವೇದಿಕೆಯಲ್ಲಿ ಕಾಯಿಸಬೇಡಿ. ಕೊಟ್ಟ ಕೂಡಲೇ ಎದುರಿಗೇ ಹಂಚಿಬಿಡಿ. ಬಸುರಿ ಹೆಂಗಸಿಗೆ ಬೇಯಿಸದ ಒಣ ಮಾಂಸ ಕೊಡಬೇಡಿ. ಐದು ವರ್ಷದೊಳಗಿನ ಮಗುವಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಉದ್ದಕ್ಕೆ ಸೀಳಿ ಕೊಡಿ. ಮಕ್ಕಳ ಕೈಗೆ ಕಡ್ಡಿ ಕೊಡಬೇಡಿ, ಬಿಡಿಸಿ ಎಲೆಯ ಮೇಲೆ ಹಾಕಿ. ಇಪ್ಪತ್ತು ಕಡ್ಡಿ ಇಟ್ಟಿದ್ದರೆ ಕೊನೆಗೆ ಇಪ್ಪತ್ತೂ ಎಣಿಸಿ ತೆಗೆದುಕೊಳ್ಳಿ.

ಮಹಿಳಾ ಸಂಘದ ಅಕ್ಕಂದಿರು ಇದನ್ನು ಮಾರಾಟಕ್ಕೆ ಮಾಡಬಹುದೆ? ಧಾರಾಳವಾಗಿ ಮಾಡಬಹುದು. ಆದರೆ ತಿನ್ನುವ ಪದಾರ್ಥ ಮಾರುವವರು ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಹೆಸರು ನೋಂದಾಯಿಸಬೇಕು. ಮೊದಲೇ ಹೇಳಿದವರಿಗೆ ಮಾತ್ರ ಕಟ್ಟಿ, ಅಂಗಡಿಯಲ್ಲಿಟ್ಟು ಗಿರಾಕಿಗೆ ಕಾಯುವ ಸಾಮಾನಲ್ಲ ಇದು. ಬೆಲೆ ಹಾಕುವಾಗ ಮನೆಯ ಹಣ್ಣು, ಮನೆಯ ಹಾಲು ಅಂತ ಬಿಟ್ಟುಬಿಡಬೇಡಿ. ಅದಕ್ಕೂ ಮಂಡಿಯ, ಡೈರಿಯ ಬೆಲೆ ಹಿಡಿಯಿರಿ. ನಿಮ್ಮ ಕೂಲಿ ಹಿಡಿಯಿರಿ. ಕತ್ತರಿಸುವಾಗ ಹಾಳಾದದ್ದನ್ನೂ ಸೇರಿಸಿ. ಎಷ್ಟು ಗಂಟೆಗೆ ಕತ್ತರಿಸಿದ್ದು, ಎಷ್ಟು ಗಂಟೆಯೊಳಗೆ ತಿನ್ನಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬುಟ್ಟಿಗೆ ಕಟ್ಟಿ. ಆ ಚೀಟಿ ಕಂಡ ಗಿರಾಕಿ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತಾನೆ.

ಮೊದಲ ಸಲ ಮಾಡುವವರು ದೊಡ್ಡ ಸಮಾರಂಭಕ್ಕೆ ಕೈ ಹಾಕಬೇಡಿ. ಬರುವ ಭಾನುವಾರ ಮನೆಯ ಮಟ್ಟಿಗೆ ಐದು ಕಡ್ಡಿಯ ಸಣ್ಣ ತುರಾಯಿ ಕಟ್ಟಿ ನೋಡಿ. ಯಾವ ಹಣ್ಣು ನೀರು ಬಿಟ್ಟಿತು, ಯಾವುದು ಕಪ್ಪಾಯಿತು, ಯಾವ ಕಡ್ಡಿ ವಾಲಿತು ಅಂತ ಗಮನವಿಡಿ. ಎರಡನೆಯ ಸಲಕ್ಕೆ ಕೈ ತಾನಾಗಿ ಪಳಗುತ್ತದೆ.